ಚಿಲಕ ಯಾವ ಕಡೆಗೆ?

ಮನೆ ಬಾಡಿಗೆಗೆ ಕೇಳಿಕೊಂಡು ಬರುವವರ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿವೆ. ನಾನು ಚಿಕ್ಕವಳಿದ್ದಾಗ ಬಾವಿಯ ನೀರು ಸಿಹಿಯೋ ಉಪ್ಪೋ ಎಂದು ಕೇಳುತ್ತಿದ್ದರು. ಆಮೇಲೆ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳತೊಡಗಿದರು. ಈಗ ಬೆಂಗಳೂರಿನ ಬಾಡಿಗೆ ತಾಳಲಾರದೆ ರಾಮನಗರಕ್ಕೋ ಬಿಡದಿಗೋ ಬರುವ ಸಂಸಾರದವರು ನೀರಿನ ಮಾತಿಗೂ ಮೊದಲು ಕೇಳುವುದು “ಏರಿಯಾ ಸೇಫಾ?” ಎಂದು. ಕೇಳುವವರಲ್ಲಿ ಹೆಂಗಸರೇ ಹೆಚ್ಚು. ಬೆಳಿಗ್ಗೆ ರೈಲು ಹತ್ತಿದ ಗಂಡ ರಾತ್ರಿ ಬರುತ್ತಾನೆ, ಮಗಳು ಟ್ಯೂಷನ್ ಮುಗಿಸಿ ಕತ್ತಲಲ್ಲಿ ನಡೆದು ಬರಬೇಕು, ಹಗಲೆಲ್ಲ ಮನೆಯಲ್ಲಿ ವಯಸ್ಸಾದ ಅತ್ತೆಯೊಬ್ಬರೇ. ಆ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಇದ್ದೇ ಇದೆ.

ಆದರೆ ಅದಕ್ಕೆ ಉತ್ತರ ಹೇಳುವುದು ಬಾವಿ ನೀರಿನ ರುಚಿ ಹೇಳಿದಷ್ಟು ಸುಲಭವಲ್ಲ. “ಕಳ್ಳತನ ಗಿಳ್ಳತನ ಏನೂ ಇಲ್ಲಮ್ಮಾ, ಎಲ್ಲಾ ನಮ್ಮ ಕಡೆ ಜನಾನೇ” ಎಂದು ಮನೆಯ ಮಾಲೀಕರು ಹೇಳಿಬಿಡುತ್ತಾರೆ. ಕೇಳಿದವರಿಗೂ ಸಮಾಧಾನವಾಗುತ್ತದೆ. ಈ ಸಣ್ಣ ಮಾತಿನೊಳಗೆ ಮೂರು ನಂಬಿಕೆಗಳು ಸದ್ದಿಲ್ಲದೆ ಸೇರಿಕೊಂಡಿವೆ ನೋಡಿ. ಅಪಾಯವೆಂದರೆ ಕಳ್ಳತನ ಎಂಬುದು ಒಂದು. ಕಳ್ಳ ಹೊರಗಿನಿಂದ ಬರುತ್ತಾನೆ ಎಂಬುದು ಇನ್ನೊಂದು. ಒಳಗಿರುವವರೆಲ್ಲ ಒಳ್ಳೆಯವರು ಎಂಬುದು ಮೂರನೆಯದು. ಮೂವತ್ತು ವರ್ಷ ಶಾಲೆಯ ಮಕ್ಕಳ ನಡುವೆ ಕಳೆದ ನನಗೆ ಈ ಮೂರರಲ್ಲಿ ಒಂದೂ ಪೂರ್ತಿ ನಿಜವೆಂದು ಅನಿಸಿಲ್ಲ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ.

ನಮ್ಮ ಊರು ಹುಟ್ಟಿದ್ದೇ ಸುರಕ್ಷತೆಯ ಪ್ರಶ್ನೆಯಿಂದ ಎಂದರೆ ಹೊಸ ಬಡಾವಣೆಯವರು ಅಚ್ಚರಿಪಡಬಹುದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮರುವರ್ಷ ದಿವಾನ್ ಪೂರ್ಣಯ್ಯನವರು ಬೆಂಗಳೂರು–ಮೈಸೂರು ದಾರಿಯಲ್ಲಿ ಇಲ್ಲೊಂದು ಪೇಟೆ ಕಟ್ಟಿಸಿ, ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ಅದನ್ನು ಕ್ಲೋಸ್‌ಪೇಟೆ ಎಂದು ಕರೆದರು. ಸುತ್ತಲೂ ಕಾಡು ಮುತ್ತಿದ್ದ ಈ ಭಾಗದಲ್ಲಿ ಹೆದ್ದಾರಿಯನ್ನು ಭದ್ರಪಡಿಸುವುದೇ ಅದರ ಉದ್ದೇಶವಾಗಿತ್ತೆಂದು ಮೈಸೂರು ಗ್ಯಾಸೆಟಿಯರ್ ಬರೆದ ಬಿ.ಎಲ್. ರೈಸ್ ತಿಳಿಸುತ್ತಾರೆ. ಆ ಕ್ಲೋಸ್‌ಪೇಟೆಯೇ ಮುಂದೆ ರಾಮನಗರವಾಯಿತು, 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಸೇರಿಸಿಕೊಂಡು ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರು ಎಷ್ಟೇ ಬದಲಾಗಲಿ, ಪೂರ್ಣಯ್ಯನವರು ಮಾಡಿದ ಉಪಾಯವೊಂದು ನನ್ನ ಮನಸ್ಸಿನಲ್ಲಿ ನಿಂತಿದೆ. ದಾರಿ ಅಪಾಯದ್ದೆಂದು ಕಂಡಾಗ ಅವರು ಅದರ ಪಕ್ಕದಲ್ಲಿ ಜನರನ್ನು ತಂದು ನೆಲೆಗೊಳಿಸಿದರು. ಅಂಗಡಿ ಇಟ್ಟವನು, ಎತ್ತು ಕಟ್ಟಿದವನು, ದಾರಿಹೋಕರಿಗೆ ಅನ್ನ ಬೇಯಿಸಿ ಹಾಕುವವಳು ಇದ್ದಲ್ಲಿ ದಾರಿ ತಾನಾಗಿ ಭದ್ರವಾಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದೆ ಇದ್ದಿರಬೇಕು.

ಗೋಡೆಯನ್ನು ನಂಬಿದವರ ಕಥೆಯೂ ನಮ್ಮಲ್ಲೇ ಇದೆ. ಮಾಗಡಿಯ ಹತ್ತಿರದ ಸಾವನದುರ್ಗವನ್ನು ಯಾರೂ ಹತ್ತಿ ಗೆಲ್ಲಲಾರರು ಎಂದು ನಂಬಿಕೆಯಿತ್ತು. 1728ರಲ್ಲಿ ಮೈಸೂರಿನವರು ಅದನ್ನು ಕೆಂಪೇಗೌಡರ ವಂಶದವರಿಂದ ಕಿತ್ತುಕೊಂಡರು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಅದೇ ದುರ್ಗವನ್ನು ಮೈಸೂರಿನವರಿಂದ ಕಿತ್ತುಕೊಂಡಿತು. ಏಳನೇ ತರಗತಿಯ ಹುಡುಗರಿಗೆ ಇದನ್ನು ಹೇಳಿದರೆ “ಹಾಗಾದ್ರೆ ಕೋಟೆ ಕಟ್ಟಿದ್ದು ದಂಡ ಅಲ್ವಾ ಮಿಸ್?” ಎನ್ನುತ್ತಾರೆ. ದಂಡವಲ್ಲ, ಗೋಡೆ ಬೇಕು, ಗೋಡೆಯೊಂದೇ ಸಾಲದು ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತೇನೆ.

ಇನ್ನು ನಮ್ಮ ಊರಿಗೂ ದರೋಡೆಕೋರರಿಗೂ ಜಗತ್ತೇ ಒಂದು ನಂಟು ಕಟ್ಟಿಬಿಟ್ಟಿದೆ. 1973ರಲ್ಲಿ ರಾಮದೇವರ ಬೆಟ್ಟದ ತಪ್ಪಲಿನಲ್ಲಿ ಒಂದು ಹುಸಿ ಊರನ್ನೇ ಕಟ್ಟಿ ‘ಶೋಲೆ’ಯ ಚಿತ್ರೀಕರಣ ಶುರುಮಾಡಿದರು. 1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾದ ಮೇಲೆ ಉತ್ತರದ ನೆಂಟರಿಗೆಲ್ಲ ನಮ್ಮದು ಗಬ್ಬರ್‌ಸಿಂಗನ ಊರಾಯಿತು. ಈಗ ಆ ಬೆಟ್ಟ ರಣಹದ್ದುಗಳಿಗೆಂದು 2012ರಲ್ಲಿ ಘೋಷಿಸಿದ ವನ್ಯಧಾಮ. ಅಲ್ಲಿ ಎಂದೂ ಗಬ್ಬರ್ ಇರಲಿಲ್ಲ. ಆದರೂ ಆ ಚಿತ್ರ ನಮ್ಮ ತಲೆಯಲ್ಲಿ ಕೂತಿರುವ ಭಯದ ಆಕಾರವನ್ನು ಚೆನ್ನಾಗಿ ತೋರಿಸುತ್ತದೆ. ಊರಿನವರು ಮುಗ್ಧರು, ಕೇಡು ಎಂಬುದು ಬಂಡೆಯ ಆಚೆ ಕಡೆ ಇದೆ, ಕುದುರೆ ಹತ್ತಿ ಧೂಳೆಬ್ಬಿಸಿಕೊಂಡು ಬರುತ್ತದೆ. ಇವತ್ತಿನ ಬಡಾವಣೆಗಳಿಗೆ ಗೇಟು ಹಾಕಿ, ಹೆಸರು ಬರೆಸುವ ಪುಸ್ತಕ ಇಟ್ಟು, ಸೆಕ್ಯೂರಿಟಿಯವನನ್ನು ಕೂರಿಸುವಾಗ ನಾವು ಎದುರು ನೋಡುತ್ತಿರುವುದು ಆ ಕುದುರೆಯ ಸದ್ದನ್ನೇ.

ಸಿನಿಮಾ ಬಿಡಿ, ಅಂಕಿಅಂಶ ನೋಡಿ ಹೇಳಬಹುದಲ್ಲ ಎನ್ನುತ್ತೀರಿ. ಹೇಳಬಹುದು. ನಮ್ಮ ದೇಶದಲ್ಲಿ 1953ರಿಂದ ಅಪರಾಧಗಳ ವಾರ್ಷಿಕ ವರದಿ ಪ್ರಕಟವಾಗುತ್ತಿದೆ. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಈಗ ಅದನ್ನು ಹೊರತರುತ್ತದೆ. ಒಂದು ಲಕ್ಷ ಜನಕ್ಕೆ ಎಷ್ಟು ಪ್ರಕರಣ ಎಂಬುದೇ ಅಪರಾಧದ ದರ. ಲೆಕ್ಕ ಸರಳವಾದದ್ದೇ. ಆದರೆ ಅದು ಎಣಿಸುವುದು ಠಾಣೆಯಲ್ಲಿ ದಾಖಲಾದದ್ದನ್ನು, ನಡೆದದ್ದನ್ನಲ್ಲ. ಅಪರಾಧ ಹೆಚ್ಚುವುದು ಬೇರೆ, ಅಪರಾಧದ ದಾಖಲಾತಿ ಹೆಚ್ಚುವುದು ಬೇರೆ ಎಂದು ಆ ಬ್ಯೂರೋದವರೇ ಎಚ್ಚರಿಸುತ್ತಾರೆ. ವರದಿಗಳಲ್ಲಿ ವರ್ಷ ವರ್ಷವೂ ಕೇರಳದ ಅಪರಾಧ ದರ ಬಿಹಾರದ ದರಕ್ಕಿಂತ ಬಹಳ ಮೇಲೆ ಇರುತ್ತದೆ. ಹಾಗೆಂದು ಕೇರಳ ಬಿಹಾರಕ್ಕಿಂತ ಭಯಂಕರ ಎಂದು ತಿಳಿಯುವುದಾದರೆ, ಕೊಲೆಯ ದರವನ್ನಷ್ಟೇ ತೆಗೆದು ನೋಡಿ, ಅಲ್ಲಿ ಬಿಹಾರವೇ ಮೇಲಿರುತ್ತದೆ. ಕೊಲೆಯನ್ನು ಮುಚ್ಚಿಡುವುದು ಕಷ್ಟ, ಉಳಿದದ್ದನ್ನು ಮುಚ್ಚಿಡಬಹುದು. ಓದು ಬಂದ, ಠಾಣೆಯ ಮೆಟ್ಟಿಲು ಹತ್ತಲು ಅಂಜದ ಜನ ಇರುವಲ್ಲಿ ದೂರು ಹೆಚ್ಚು, ದರವೂ ಹೆಚ್ಚು.

ಶಿಕ್ಷಕಿಯಾದ ನನಗೆ ಇದು ಬೇಗ ಅರ್ಥವಾಗುತ್ತದೆ. ತರಗತಿಯಲ್ಲಿ ಯಾರೂ ಯಾರ ಮೇಲೂ ಚಾಡಿ ಹೇಳದ ವರ್ಷ ಇದೆಯಲ್ಲ, ಅದು ಶಾಂತಿಯ ವರ್ಷವೂ ಆಗಿರಬಹುದು, ಯಾವನೋ ದೊಡ್ಡ ಹುಡುಗ ಎಲ್ಲರನ್ನೂ ಹೆದರಿಸಿ ಬಾಯಿ ಮುಚ್ಚಿಸಿದ ವರ್ಷವೂ ಆಗಿರಬಹುದು. ಹೊರಗಿನಿಂದ ನೋಡುವ ಇನ್‌ಸ್ಪೆಕ್ಟರಿಗೆ ಎರಡೂ ಒಂದೇ ಥರ ಕಾಣುತ್ತವೆ. ಗಂಭೀರ ಅಪರಾಧದ ಮಾಹಿತಿ ಬಂದಾಗ ಪ್ರಥಮ ವರ್ತಮಾನ ವರದಿ ಬರೆದುಕೊಳ್ಳುವುದು ಪೊಲೀಸರಿಗೆ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದ್ದು 2013ರಲ್ಲಿ. ಅಷ್ಟನ್ನು ಹೇಳಲು ದೇಶದ ಅತಿ ದೊಡ್ಡ ನ್ಯಾಯಾಲಯ ಬೇಕಾಯಿತು ಎಂದರೆ, ಅದಕ್ಕೆ ಮೊದಲು ಎಷ್ಟು ಜನ ಬರಿಗೈಯಲ್ಲಿ ಠಾಣೆಯಿಂದ ಹಿಂತಿರುಗಿರಬೇಕು ಎಂದು ಯೋಚಿಸಿ.

ನಮ್ಮ ಭಯಕ್ಕೂ ಅಪಾಯಕ್ಕೂ ತಾಳೆಯಿಲ್ಲ ಎಂಬುದಕ್ಕೆ ಇನ್ನೊಂದು ಲೆಕ್ಕವಿದೆ. 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆಗಳು 28,522. ಅದೇ ವರ್ಷ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಹೆಚ್ಚುಕಡಿಮೆ ಆರು ಪಟ್ಟು. ನಮ್ಮ ಜಿಲ್ಲೆಯ ನಡುವೆ ಹಾದುಹೋಗುವ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಅಪಘಾತಗಳು ಎಷ್ಟಾದುವೆಂದರೆ ಆ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೂ ಆಟೋಗಳಿಗೂ ಅಲ್ಲಿ ಪ್ರವೇಶ ನಿಲ್ಲಿಸಬೇಕಾಯಿತು. ಆದರೂ ಮಗ ಬೈಕಿನ ಕೀಲಿ ತಿರುಗಿಸಿದರೆ ನಮಗೆ ನಿದ್ದೆ ಕೆಡುವುದಿಲ್ಲ, ಅಪರಿಚಿತನೊಬ್ಬ ಬೀದಿಯಲ್ಲಿ ಎರಡು ಸಲ ಓಡಾಡಿದರೆ ಕೆಡುತ್ತದೆ.

ಈ ಅಪರಿಚಿತನ ವಿಷಯಕ್ಕೆ ಬರೋಣ. ನನ್ನ ವಯಸ್ಸಿನವರಿಗೆ ‘ನಾಳೆ ಬಾ’ ನೆನಪಿರಲೇಬೇಕು. 1990ರ ದಶಕದಲ್ಲಿ ರಾತ್ರಿ ಹೊತ್ತು ದೆವ್ವವೊಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದವರು ಸಾಯುತ್ತಾರೆ ಎಂದು ಸುದ್ದಿ ಹಬ್ಬಿ, ಊರೂರಿನ ಬಾಗಿಲುಗಳ ಮೇಲೆ ಜನ ಸುಣ್ಣದಲ್ಲೋ ಇದ್ದಲಿನಲ್ಲೋ ‘ನಾಳೆ ಬಾ’ ಎಂದು ಬರೆದರು. ದೆವ್ವ ಬಂದು, ಓದಿಕೊಂಡು, ಮರುದಿನ ಮತ್ತೆ ಬಂದು, ಮತ್ತೆ ಅದನ್ನೇ ಓದಿ ಹೋಗಬೇಕು! ದೆವ್ವಕ್ಕೂ ಕನ್ನಡ ಓದಲು ಬರುತ್ತದೆಂದು ನಾವು ಹೊಸ ಟೀಚರುಗಳು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. ಆ ಭಯಕ್ಕೆ ಒಂದು ಬಳಪ ಸಾಕಾಗಿತ್ತು. ಯಾರಿಗೂ ಅದರಿಂದ ಕೇಡಾಗಲಿಲ್ಲ.

ಅದೇ ದಶಕದ ಕೊನೆಗೆ ಬಂದ ಭಯ ನಗುವಂಥದ್ದಾಗಿರಲಿಲ್ಲ. ಹೊಸಕೋಟೆ ಕಡೆಯ ದಂಡುಪಾಳ್ಯದ ಹೆಸರು ಹೊತ್ತ ಗುಂಪು ಬೆಂಗಳೂರಿನ ಅಂಚಿನ ಒಂಟಿ ಮನೆಗಳಿಗೆ ನುಗ್ಗಿ ಕೊಲೆ, ದರೋಡೆ ಮಾಡಿತು. ಬಾಗಿಲು ತಟ್ಟಿ, ಕುಡಿಯಲು ನೀರು ಕೇಳಿ, ನೀರು ತರಲು ಒಳಗೆ ತಿರುಗಿದಾಗ ಮೇಲೆ ಬೀಳುತ್ತಾರೆ ಎಂಬುದು ಮನೆಮನೆಯ ಮಾತಾಯಿತು. ಅದು ನಿಜವಾದ ಕ್ರೌರ್ಯ. ಸತ್ತವರ ಮನೆಯವರಿಗೆ ಆದ ನಷ್ಟ ಯಾವ ಮಾತಿನಿಂದಲೂ ತುಂಬುವಂಥದ್ದಲ್ಲ. ಆ ಗುಂಪು ಸಿಕ್ಕಿಬಿತ್ತು, 2012ರಲ್ಲಿ ಅದರ ಮೇಲೆ ಸಿನಿಮಾ ಕೂಡ ಬಂತು. ಉಳಿದದ್ದು ಎರಡು ಸಂಗತಿಗಳು. ಒಂದು ಇಡೀ ಊರಿನ ಹೆಸರು ಬೈಗುಳವಾಯಿತು. ಆ ಊರಿನಲ್ಲಿ ದುಡಿದು ತಿನ್ನುವ ಜನರೂ ಇದ್ದರು, ಶಾಲೆಗೆ ಹೋಗುವ ಮಕ್ಕಳೂ ಇದ್ದರು, ಅವರು ಅರ್ಜಿಯಲ್ಲಿ ಊರಿನ ಹೆಸರು ಬರೆಯುವಾಗ ಏನನಿಸಿರಬಹುದು? ಎರಡನೆಯದು, ನೀರು ಕೇಳಿದವರಿಗೆ ನೀರು ಕೊಡುವ ನಮ್ಮ ಪದ್ಧತಿ ಅಲ್ಲಿಂದ ನಿಂತಿತು. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ದಾರಿಹೋಕರನ್ನು ಕರೆದು ಪಾನಕ ಕೊಡುತ್ತಿದ್ದ ಸೀಮೆಯಲ್ಲಿ, ಕಿಟಕಿಯ ಸರಳಿನ ಹಿಂದಿನಿಂದ “ಮುಂದಿನ ಮನೆಗೆ ಹೋಗಿ” ಎನ್ನುವುದು ಜಾಣತನವೆನಿಸಿತು. ಹಾಗೆ ಹೇಳುವ ಒಂಟಿ ಹೆಂಗಸನ್ನು ನಾನು ದೂರಲಾರೆ. ಆದರೆ ಆ ಜಾಣತನಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನು ಮರೆಯಬಾರದು. ಬಿಸಿಲಲ್ಲಿ ಚಾಪೆ ಹೊತ್ತು ಮಾರುವವಳು, ಮೀಟರ್ ಓದಲು ಬಂದ ಹುಡುಗ, ಪಾರ್ಸೆಲ್ ತರುವವನು, ಇವರಲ್ಲಿ ಒಬ್ಬರೂ ಯಾರನ್ನೂ ಕೊಂದವರಲ್ಲ.

ಆಮೇಲೆ ಭಯ ಬಾಗಿಲು ಬಿಟ್ಟು ಮೊಬೈಲಿಗೆ ಬಂತು. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿಯಾಗಲಿದೆ ಎಂಬ ಸುಳ್ಳು ಸಂದೇಶಗಳು ಹರಿದಾಡಿ, ಬೆಂಗಳೂರಿನಿಂದ ಸಾವಿರಾರು ಹುಡುಗ ಹುಡುಗಿಯರು ಕೆಲಸ, ಓದು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ನಮ್ಮನ್ನು ಕಂಡು ಹೆದರುವವರೂ ಇದ್ದಾರೆ ಎಂದು ನಮಗೆ ಆಗ ತಿಳಿಯಿತು. 2018ರಲ್ಲಿ ಆದದ್ದು ಇನ್ನೂ ಘೋರ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶವನ್ನು ನಂಬಿ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಜನ ಸೇರಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಕೈಕಾಲು ಕಟ್ಟಿ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿ, ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬ ಗುಂಪಿನ ಕೈಯಲ್ಲಿ ಸತ್ತ.

ಆ ಎರಡೂ ಕಡೆ ಹೊಡೆದವರು ಯಾರು? ವೃತ್ತಿಯಿಂದ ಅಪರಾಧಿಗಳಾದವರಲ್ಲ. ಬೀದಿಯ ಜನ, ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದುಕೊಂಡವರು. ಮಾಲೀಕರ ಮಾತಿನಲ್ಲಿ ಹೇಳುವುದಾದರೆ ‘ನಮ್ಮ ಕಡೆ ಜನ’. ಆ ಹೊತ್ತಿನಲ್ಲಿ ಆ ಬೀದಿಯಲ್ಲಿ ಅಪಾಯದಲ್ಲಿದ್ದವನು ಒಬ್ಬನೇ, ಹೊರಗಿನವನು. ಸುರಕ್ಷತೆ ಎಂಬ ಪದಕ್ಕೆ ಎದುರಾಗಿ ‘ಯಾರ?’ ಎಂಬ ಪ್ರಶ್ನೆ ಇಡದಿದ್ದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಷ್ಟೆಲ್ಲ ಆದಮೇಲೂ ಮೂರನೆಯ ನಂಬಿಕೆ, ಒಳಗಿರುವವರೆಲ್ಲ ಒಳ್ಳೆಯವರು ಎಂಬುದು, ಹಾಗೇ ಉಳಿದಿದೆ. ಅದೇ ಬ್ಯೂರೋದ ವರದಿಯನ್ನು ತೆರೆದು ನೋಡಿ. 2022ರಲ್ಲಿ ಹೆಂಗಸರ ಮೇಲಿನ ಅಪರಾಧಗಳೆಂದು ದಾಖಲಾದವು 4,45,256. ಅವುಗಳಲ್ಲಿ 100ಕ್ಕೆ 31ಕ್ಕೂ ಹೆಚ್ಚು, ಅಂದರೆ ಎಲ್ಲಕ್ಕಿಂತ ದೊಡ್ಡ ಪಾಲು, ಗಂಡ ಅಥವಾ ಅವನ ಕಡೆಯ ನೆಂಟರ ಕ್ರೌರ್ಯ. ಅತ್ಯಾಚಾರದ ಪ್ರಕರಣಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಆರೋಪಿಗಳು ಆ ಹೆಂಗಸಿಗೆ ಮೊದಲೇ ಪರಿಚಯವಿದ್ದವರು: ಮನೆಯವರು, ಪಕ್ಕದವರು, ಗೆಳೆಯರು, ಕೆಲಸ ಕೊಟ್ಟವರು. ದಾಖಲಾಗದೆ ಉಳಿದವುಗಳಲ್ಲಿ ಮನೆಯೊಳಗಿನವೇ ಹೆಚ್ಚಿರಬೇಕು ಎಂದು ಊಹಿಸಲು ದೊಡ್ಡ ವಿದ್ಯೆ ಬೇಕಿಲ್ಲ. ನಮ್ಮ ಹಿರಿಯರು ಬೇಲಿಯೇ ಎದ್ದು ಹೊಲ ಮೇಯ್ದ ಮಾತು ಹೇಳಿದ್ದು ಸುಮ್ಮನೆ ಅಲ್ಲ.

ನಾನು ಕಂಡದ್ದೊಂದನ್ನು ಹೇಳಬೇಕು. ಹೆಸರು, ತರಗತಿ, ವರ್ಷ ಯಾವುದನ್ನೂ ಹೇಳುವುದಿಲ್ಲ, ಕಾನೂನೂ ಅದನ್ನೇ ಹೇಳುತ್ತದೆ, ಮನಸ್ಸೂ ಅದನ್ನೇ ಹೇಳುತ್ತದೆ. ಕೊನೆಯ ಗಂಟೆ ಬಾರಿಸಿದ ಮೇಲೂ ಒಬ್ಬ ಹುಡುಗಿ ಶಾಲೆಯಲ್ಲೇ ಉಳಿಯುತ್ತಿದ್ದಳು. ಬೋರ್ಡು ಒರೆಸುತ್ತೇನೆ, ಗಿಡಕ್ಕೆ ನೀರು ಹಾಕುತ್ತೇನೆ, ನಿಮ್ಮ ಪುಸ್ತಕ ಬಸ್‌ಸ್ಟಾಂಡಿನವರೆಗೆ ಹಿಡಿದುಕೊಳ್ಳುತ್ತೇನೆ ಎಂದು ಏನಾದರೊಂದು ಕೆಲಸ ಹುಡುಕುತ್ತಿದ್ದಳು. ಚೂಟಿ ಹುಡುಗಿ ಎಂದು ಎಲ್ಲರಿಗೂ ಮೆಚ್ಚುಗೆ. ಅವಳ ಮನೆ ಇದ್ದದ್ದು ಒಳ್ಳೆಯ ಬಡಾವಣೆಯಲ್ಲಿ. ಬೀದಿಯ ಮೂಲೆಗೆ ಕ್ಯಾಮೆರಾ, ಮನೆಗೆ ಕಬ್ಬಿಣದ ಗೇಟು, ಬಾಗಿಲಿಗೆ ಎರಡು ಬೀಗ. ಒಂದು ಸಂಜೆ ಮನೆಗೆ ಹೋಗಲು ಏಕೆ ಇಷ್ಟು ತಡ ಮಾಡುತ್ತೀ ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ಚಿಲಕ ಹಾಕಿದ ಸದ್ದು ಕೇಳಿದ್ರೆ ಭಯ ಆಗುತ್ತೆ ಮಿಸ್.”

ನಮಗೆಲ್ಲ ಚಿಲಕದ ಸದ್ದು ಎಂದರೆ ದಿನ ಮುಗಿಯಿತು, ಇನ್ನು ನಿಶ್ಚಿಂತೆ ಎಂದರ್ಥ. ಆ ಮಗುವಿಗೆ ಅಪಾಯ ಶುರುವಾಗುತ್ತಿದ್ದದ್ದೇ ಆ ಸದ್ದಿನಿಂದ. ಅವಳ ಮಟ್ಟಿಗೆ ಕತ್ತಲ ಬೀದಿಯೇ ಮನೆಗಿಂತ ಕ್ಷೇಮವಾಗಿತ್ತು.

2012ರಲ್ಲಿ ಬಂದ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಅದನ್ನು ವರದಿ ಮಾಡಲೇಬೇಕು. ತಿಳಿದೂ ಮುಚ್ಚಿಟ್ಟರೆ ಅದೇ ಒಂದು ಅಪರಾಧ, ಆರು ತಿಂಗಳವರೆಗೆ ಶಿಕ್ಷೆಯಿದೆ. ನಾವು ಮಾಡಬೇಕಾದದ್ದನ್ನು ಮಾಡಿದೆವು. ಪ್ರಕರಣ ದಾಖಲಾಯಿತು. ಮಗು ಅಜ್ಜಿಯ ಊರಿಗೆ ಹೋಗಿ ಅಲ್ಲೇ ಓದು ಮುಂದುವರಿಸಿತು. ಮುಂದಿನದು ನ್ಯಾಯಾಲಯದ ವಿಷಯ, ಅದನ್ನು ಬರೆಯುವುದಿಲ್ಲ. ಆದರೆ ಆ ಬೀದಿಯ ಕೆಲವರು ಬಂದು ಹೇಳಿದ ಮಾತನ್ನು ಬರೆಯಬೇಕು. ಬಂದವರು ಕೆಟ್ಟವರೇನಲ್ಲ, ಹಬ್ಬಕ್ಕೆ ಎಲ್ಲರ ಮನೆಗೂ ಎಳ್ಳು ಬೀರುವವರೇ. “ಒಳಗೊಳಗೇ ಸರಿಮಾಡಬಹುದಿತ್ತು ಮೇಡಂ. ಈಗ ನೋಡಿ, ಏರಿಯಾಕ್ಕೇ ಕೆಟ್ಟ ಹೆಸರು. ನಾಳೆ ಇಲ್ಲಿ ಸೈಟು ಯಾರು ಕೊಳ್ಳುತ್ತಾರೆ?” ಎಂದರು.

ಲೆಕ್ಕದ ದೃಷ್ಟಿಯಿಂದ ಅವರು ಹೇಳಿದ್ದು ಸರಿ. ಆ ವರ್ಷ ನಮ್ಮ ಊರಿನ ಅಪರಾಧದ ಪಟ್ಟಿಯಲ್ಲಿ ಒಂದು ಹೆಚ್ಚಾಯಿತು. ಅದಕ್ಕೆ ಹಿಂದಿನ ವರ್ಷ ಅದೇ ಅಪರಾಧ ಅದೇ ಮನೆಯಲ್ಲಿ ನಡೆಯುತ್ತಿದ್ದಾಗ ಪಟ್ಟಿ ಸ್ವಚ್ಛವಾಗಿತ್ತು, ಸೈಟಿನ ಬೆಲೆ ಏರುತ್ತಿತ್ತು, ಏರಿಯಾ ಸೇಫಾಗಿತ್ತು. ನನ್ನನ್ನು ಕೇಳಿದರೆ ಯಾವ ವರ್ಷ ಪಟ್ಟಿಯಲ್ಲಿ ಒಂದು ಹೆಚ್ಚಾಯಿತೋ ಆ ವರ್ಷ ಊರು ಒಂದು ಮಗುವಿನಷ್ಟು ಸುರಕ್ಷಿತವಾಯಿತು.

ಹಾಗಾದರೆ ಕಳ್ಳರ ಭಯವೆಲ್ಲ ಭ್ರಮೆಯೇ, ಬಾಗಿಲು ತೆರೆದಿಟ್ಟು ಮಲಗಬೇಕೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ನಾನೂ ರಾತ್ರಿ ಎರಡು ಸಲ ಎದ್ದು ಬೀಗ ನೋಡುವವಳೇ. ಬೈಕಿನ ಸದ್ದು ಹಿಂದಿನಿಂದ ಕೇಳಿದರೆ ಕೈ ತಾನಾಗಿ ಸೆರಗಿನ ಒಳಗಿರುವ ಮಾಂಗಲ್ಯದ ಸರಕ್ಕೆ ಹೋಗುತ್ತದೆ. ಸರಗಳ್ಳತನ ಎಷ್ಟು ಹೆಚ್ಚಿತೆಂದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಸಿದುಕೊಂಡು ಓಡುವುದನ್ನು 304ನೇ ಸೆಕ್ಷನ್ನಿನಡಿ ಪ್ರತ್ಯೇಕ ಅಪರಾಧವನ್ನಾಗಿಯೇ ಮಾಡಿದ್ದಾರೆ. ಕತ್ತಿಗೆ ಗಾಯವಾಗಿ ಕೂತ ಮುದುಕಿಗೆ ‘ಅಂಕಿಅಂಶದ ಪ್ರಕಾರ ನಿಮಗೆ ಭಯಪಡಲು ಕಾರಣವಿಲ್ಲ’ ಎನ್ನುವುದು ಹೃದಯವಿಲ್ಲದ ಮಾತು. ಬೀಗ ಬೇಕು, ಬೀದಿ ದೀಪ ಬೇಕು, ರಾತ್ರಿ ಗಸ್ತು ಬೇಕು. ಈಗ ಕಳ್ಳ ಗೋಡೆ ಹಾರುವ ಕಷ್ಟವನ್ನೂ ಬಿಟ್ಟು ಫೋನಿನಲ್ಲೇ ಬರುತ್ತಾನೆ, ಹಾಗಾಗಿ ಹಣ ಹೋದ ಕ್ಷಣವೇ 1930ಕ್ಕೆ ಕರೆ ಮಾಡಬೇಕು ಎಂಬುದೂ ಮನೆಯ ಹಿರಿಯರಿಗೆ ತಿಳಿದಿರಬೇಕು. ನನ್ನ ತಕರಾರು ಬೀಗದ ಮೇಲಲ್ಲ. ಬೀಗ ಹಾಕಿದೊಡನೆ ಕರ್ತವ್ಯ ಮುಗಿಯಿತು ಎಂದುಕೊಳ್ಳುವುದರ ಮೇಲೆ.

ಹಳೆಯ ಕಾಲದ ಮನೆಗಳಿಗೆ ಜಗಲಿ ಇರುತ್ತಿತ್ತು. ಸಂಜೆ ಅಲ್ಲಿ ಯಾರಾದರೂ ಕೂತಿರುತ್ತಿದ್ದರು. ಚನ್ನಪಟ್ಟಣದ ಕಲಾನಗರದಲ್ಲಿ ಬಾಗಿಲ ಬಳಿ ಕೂತು ಬುಗುರಿ, ಬೊಂಬೆ ಕಡೆಯುವವರ ಬೀದಿಯಲ್ಲಿ ನಡೆದರೆ ಯಾರೂ ಕಾವಲು ಕಾಯುತ್ತಿಲ್ಲ, ಆದರೂ ಎಲ್ಲರಿಗೂ ಎಲ್ಲವೂ ಕಾಣುತ್ತಿರುತ್ತದೆ. ಅಮೆರಿಕದ ಜೇನ್ ಜೇಕಬ್ಸ್ ಎಂಬ ಹೆಣ್ಣುಮಗಳು 1961ರಲ್ಲಿ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನೇ ವಾದಿಸಿದ್ದಾಳೆ. ಬೀದಿಯ ಶಾಂತಿಯನ್ನು ಮೊದಲು ಕಾಯುವುದು ಪೊಲೀಸರಲ್ಲ, ಅಂಗಡಿಯವರೂ ಕಿಟಕಿಯಲ್ಲಿ ನಿಂತವರೂ ಓಡಾಡುವವರೂ ಸೇರಿ, ತಮಗರಿವಿಲ್ಲದೆಯೇ ಕಾಯುತ್ತಾರೆ ಎಂದು. ನಮ್ಮ ಪೂರ್ಣಯ್ಯನವರು ನೂರಾ ಅರವತ್ತು ವರ್ಷ ಮೊದಲೇ ಮಾಡಿ ತೋರಿಸಿದ್ದು ಅದನ್ನೇ ಅಲ್ಲವೇ?

ಆದರೆ ಜಗಲಿಯನ್ನು ಬರಿದೇ ಹೊಗಳಿ ಮುಗಿಸಲಾರೆ. ಹೆಣ್ಣುಮಕ್ಕಳಿಗೆ ಜಗಲಿಯ ಕಣ್ಣುಗಳ ಪರಿಚಯ ಚೆನ್ನಾಗಿದೆ. ಯಾವ ಹುಡುಗಿ ಯಾರ ಜೊತೆ ಮಾತಾಡಿದಳು, ಎಷ್ಟು ಹೊತ್ತಿಗೆ ಬಂದಳು, ಯಾವ ಬಟ್ಟೆ ಹಾಕಿದ್ದಳು ಎಂಬುದನ್ನೆಲ್ಲ ಆ ಕಣ್ಣುಗಳು ತಪ್ಪದೆ ಕಂಡವು. ಅದೇ ಬೀದಿಯ ಮುಚ್ಚಿದ ಬಾಗಿಲ ಹಿಂದಿನಿಂದ ಏಟಿನ ಸದ್ದು ಬಂದಾಗ “ಅವರ ಮನೆ ವಿಷಯ ನಮಗ್ಯಾಕೆ” ಎಂದು ಅವು ಮುಚ್ಚಿಕೊಂಡವು. ನೋಡಬಾರದ್ದನ್ನು ನೋಡುವ, ನೋಡಬೇಕಾದ್ದನ್ನು ನೋಡದ ಕಣ್ಣುಗಳು ಎಷ್ಟಿದ್ದರೂ ಬೀದಿ ಕ್ಷೇಮವಾಗುವುದಿಲ್ಲ. ಕ್ಯಾಮೆರಾದ ಸಂಗತಿಯೂ ಅಷ್ಟೇ. ಅದರ ಮುಖ ಯಾವಾಗಲೂ ರಸ್ತೆಯ ಕಡೆಗೆ.

ಹೀಗಾಗಿ ನನಗೆ ಒಂದು ಬಡಾವಣೆಯ ಕ್ಷೇಮ ಎರಡು ಸಣ್ಣ ಅಭ್ಯಾಸಗಳ ಮೇಲೆ ನಿಂತಿದೆ ಎನಿಸುತ್ತದೆ. ಕಾರಣವಿಲ್ಲದೆ ಸಂಶಯಪಡದಿರುವುದು ಒಂದು, ಕಾರಣವಿದ್ದಾಗ ಸುಮ್ಮನಿರದಿರುವುದು ಇನ್ನೊಂದು. ನಾವು ಬಹುಪಾಲು ಇದಕ್ಕೆ ತಿರುಗುಮುರುಗಾಗಿ ನಡೆಯುತ್ತಿದ್ದೇವೆ. ಬಿಡದಿಯ ಕಾರ್ಖಾನೆಗೆ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗ ನಮ್ಮ ಬೀದಿಯಲ್ಲಿ ರೂಮು ಹಿಡಿದರೆ, ಅವನು ಏನೂ ಮಾಡದೆಯೂ ಅವನ ಬಗ್ಗೆ ಗುಸುಗುಸು ಶುರುವಾಗುತ್ತದೆ. ಪಕ್ಕದ ಮನೆಯ ಸೊಸೆಯ ಕೆನ್ನೆ ಊದಿದ್ದು ಕಣ್ಣಿಗೆ ಕಂಡರೂ ಬಾಯಿ ಬರುವುದಿಲ್ಲ. ಮೊದಲನೆಯವನ ಹೆಸರು ಕೇಳಿ, ಊಟವಾಯಿತೇ ಎಂದು ವಿಚಾರಿಸುವುದಕ್ಕೆ ಖರ್ಚಿಲ್ಲ. ಎರಡನೆಯವಳಿಗೆ “ಬೇಕಾದರೆ ಯಾವ ಹೊತ್ತಿನಲ್ಲಾದರೂ ನಮ್ಮ ಬಾಗಿಲು ತಟ್ಟು” ಎಂದು ಹೇಳುವುದಕ್ಕೂ ಖರ್ಚಿಲ್ಲ. ಎರಡಕ್ಕೂ ಬೇಕಾದದ್ದು ಸ್ವಲ್ಪ ಧೈರ್ಯ. ಹೊರಗಿನವನನ್ನು ನಂಬುವ ಧೈರ್ಯಕ್ಕಿಂತ ನಮ್ಮವನನ್ನು ಪ್ರಶ್ನಿಸುವ ಧೈರ್ಯ ದೊಡ್ಡದು, ಏಕೆಂದರೆ ನಮ್ಮವನು ನಾಳೆಯೂ ಎದುರಿಗೆ ಸಿಗುತ್ತಾನೆ, ಹಬ್ಬಕ್ಕೆ ಬರುತ್ತಾನೆ, ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರುತ್ತಾನೆ.

ಈಗ ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳು ತರಗತಿಗೆ ಬಂದಾಗ 1098 ಮತ್ತು 112 ಎಂಬ ಎರಡು ಸಂಖ್ಯೆಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ವರ್ಷವಿಡೀ ಅಳಿಸದಂತೆ ಹೇಳುತ್ತೇನೆ. ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿ ಎಂಬ ಹಳೆಯ ಪಾಠವನ್ನೂ ಮಾಡುತ್ತೇನೆ. ಅದರ ಜೊತೆಗೆ, ನಿಮಗೆ ನೋವು ಮಾಡುವವರು ಪರಿಚಿತರಾದರೂ, ದೊಡ್ಡವರಾದರೂ, ನಿಮ್ಮವರೇ ಆದರೂ ಅದನ್ನು ಹೇಳಬಹುದು, ಹೇಳಿದರೆ ನಂಬುವವರು ಇಲ್ಲಿ ಇದ್ದಾರೆ ಎಂದೂ ಹೇಳುತ್ತೇನೆ. ಮಕ್ಕಳು ಈ ಎರಡನೆಯ ಪಾಠವನ್ನು ಗದ್ದಲವಿಲ್ಲದೆ ಕೇಳುತ್ತಾರೆ. ಆ ಮೌನದಲ್ಲಿ ನಾನು ಒಂದೊಂದೇ ಮುಖವನ್ನು ನೋಡುತ್ತೇನೆ. ಹೊರಗೆ, ಶಾಲೆಯ ಗೇಟಿನಲ್ಲಿ, ಒಂದು ಮಡಕೆ ನೀರು ಇಟ್ಟಿದ್ದೇವೆ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಕುಡಿಯಬಹುದು.